ಲೈಟ್ ನಾವೆಲ್: ಯಾವ ಅನುವಾದ ಹಿಡಿದು ಓದೋದು?

ಅನಿಮೆ, ಅಂದರೆ ಜಪಾನೀ ಕಾರ್ಟೂನ್ ಸರಣಿ, ಮುಗೀತು. ಅದಕ್ಕೆ ಮೂಲವಾದ ಲೈಟ್ ನಾವೆಲ್‌ನ ಕತೆ ಮುಗಿದಿಲ್ಲ. ಮುಂದೇನಾಯ್ತು ಅಂತ ತಿಳಿಯಬೇಕು. ಇಂಗ್ಲಿಷ್ ಪುಸ್ತಕ ಕೊಳ್ಳೋದಾ? ಇ-ಬುಕ್ ಸಾಕಾ? ಅಭಿಮಾನಿಗಳು ನೆಟ್‌ನಲ್ಲಿ ಹಾಕಿರುವ ಅನುವಾದ ಓದಿಬಿಡೋದಾ? ಜಪಾನೀ ಪಠವನ್ನು ಮೆಷಿನ್‌ಗೆ ಕೊಟ್ಟು ಓದೋದಾ? ಲೈಟ್ ನಾವೆಲ್ ಹುಚ್ಚು ಹಿಡಿದವರೆಲ್ಲ ಒಂದಲ್ಲ ಒಂದು ದಿನ ಇಲ್ಲಿ ಬಂದು ನಿಲ್ಲುತ್ತಾರೆ. ಒಬ್ಬರು 'ಅಧಿಕೃತ ಅನುವಾದ ಬಿಟ್ಟು ಬೇರೇನೂ ಮುಟ್ಟಬೇಡಿ' ಅನ್ನುತ್ತಾರೆ. ಇನ್ನೊಬ್ಬರು 'ಅಭಿಮಾನಿಗಳ ಅನುವಾದವೇ ಮೂಲಕ್ಕೆ ಹತ್ತಿರ' ಅನ್ನುತ್ತಾರೆ. ಎಲ್ಲ ಸರಣಿಗೂ ಒಂದೇ ಉತ್ತರ ಹುಡುಕುವುದೇ ತಪ್ಪು ಅನ್ನೋದು ನನ್ನ ಅಭಿಪ್ರಾಯ. ಸರಣಿ ಸರಣಿಗೆ ಬೇರೆ ತೀರ್ಮಾನ ಮಾಡಬೇಕು. ಹೇಗೆ ಅಂತ ನೋಡೋಣ.

ಹೊಸಬರಿಗೆ ಎರಡು ಮಾತು. ಲೈಟ್ ನಾವೆಲ್ ಅಂದರೆ ಜಪಾನಿನಲ್ಲಿ ಹದಿಹರೆಯದವರನ್ನು ಮನಸ್ಸಲ್ಲಿಟ್ಟುಕೊಂಡು ಬರುವ ಸರಣಿ ಕಾದಂಬರಿ. ಹೆಚ್ಚಿನವು ಜೇಬಿಗೆ ಹಿಡಿಯುವ ಬುಂಕೊ ಅಳತೆಯಲ್ಲಿ ಬರುತ್ತವೆ, ಅಂದರೆ 105 ಮಿ.ಮೀ. ಅಗಲ, 148 ಮಿ.ಮೀ. ಉದ್ದ. ಶುರುವಿನಲ್ಲಿ ಕೆಲವು ಬಣ್ಣದ ಪುಟ, ನಡುನಡುವೆ ಕಪ್ಪು-ಬಿಳುಪು ಚಿತ್ರ. ತುಂಬಾ ಮಾತುಕತೆ, ಚಿಕ್ಕ ಚಿಕ್ಕ ಪ್ಯಾರಾ. ಈಚಿನ ಎಷ್ಟೋ ಸರಣಿಗಳು 2004ರಲ್ಲಿ ಶುರುವಾದ 'ಶೋಸೆತ್ಸುಕಾ ನಿ ನಾರೋ' ಎಂಬ ಸೈಟಿನಲ್ಲಿ ಬಿಟ್ಟಿಯಾಗಿ ಓದಿಸಿಕೊಂಡು, ಆಮೇಲೆ ಪುಸ್ತಕವಾದವು. ಈ ಕೊನೆಯ ವಿಷಯ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಕನ್ನಡಕ್ಕೆ ಇವು ಬರುತ್ತಿಲ್ಲ. ಹಾಗಾಗಿ ನಮ್ಮಲ್ಲಿ ಹೆಚ್ಚಿನವರ ಓದು ಇಂಗ್ಲಿಷಿನ ಮೂಲಕವೇ.

ಮೊದಲು ಏನನ್ನು ಅಳೆಯಬೇಕು?

ನಾನು ನೋಡುವುದು ಐದು ವಿಷಯ. ಪಾತ್ರಗಳ ದನಿ ಉಳಿದಿದೆಯಾ? ಸರಣಿ ಕೊನೆವರೆಗೆ ಸಿಗುತ್ತಾ? ಅನುವಾದವಾಗಿರುವುದು ವೆಬ್ ಕತೆಯಾ, ಪುಸ್ತಕದ ಪಠವಾ? ಖರ್ಚೆಷ್ಟು? ದುಡ್ಡು ಕೊಟ್ಟ ಮೇಲೆ ಅದು ನಮ್ಮ ಕೈಲಿ ಉಳಿಯುತ್ತಾ?

ಇವುಗಳಲ್ಲಿ ಮೊದಲನೆಯದಕ್ಕೆ ನಾನು ಜಾಸ್ತಿ ತೂಕ ಕೊಡುತ್ತೇನೆ. ಲೈಟ್ ನಾವೆಲ್‌ನಲ್ಲಿ ವರ್ಣನೆ ಕಡಿಮೆ, ಮಾತೇ ಎಲ್ಲ. ಜಪಾನೀ ಭಾಷೆಯಲ್ಲಿ 'ನಾನು' ಅನ್ನುವುದಕ್ಕೇ ವತಾಶಿ, ಬೊಕು, ಓರೆ ಅಂತ ಹಲವು ಬಗೆ ಇದೆ. ಯಾರು ಯಾವುದನ್ನು ಬಳಸುತ್ತಾರೆ ಅನ್ನುವುದರಲ್ಲೇ ಅವರು ಮೆತ್ತಗಿನವರೋ ಒರಟರೋ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ಎಲ್ಲರೂ 'ಐ'. ಅನುವಾದಕರು ಆ ನಷ್ಟವನ್ನು ಬೇರೆ ಕಡೆ ತುಂಬಿಕೊಡಬೇಕು: ವಾಕ್ಯದ ಉದ್ದದಲ್ಲಿ, ಪದಗಳ ಆಯ್ಕೆಯಲ್ಲಿ, ತಡವರಿಕೆಯಲ್ಲಿ. ಮಂಡ್ಯದವರೂ ಧಾರವಾಡದವರೂ ಒಂದೇ ಥರ ಮಾತಾಡುವ ಕನ್ನಡ ಸಿನಿಮಾ ನೋಡಿದರೆ ನಮಗೆ ಕಸಿವಿಸಿ ಆಗುತ್ತೆ, ಅಲ್ವಾ? ಕೆಟ್ಟ ಅನುವಾದ ಓದಿದಾಗ ಆಗುವುದೂ ಅದೇ.

ಜಪಾನೀ ಬರದಿದ್ದರೂ ಇದನ್ನು ಪರೀಕ್ಷಿಸಬಹುದು. ಇ-ಬುಕ್ ಅಂಗಡಿಗಳಲ್ಲಿ ಮೊದಲ ಕೆಲವು ಪುಟಗಳು ಬಿಟ್ಟಿ ಸಿಗುತ್ತವೆ. ಮೂರು ನಾಲ್ಕು ಜನ ಒಟ್ಟಿಗೆ ಮಾತಾಡುವ ಪುಟ ಹುಡುಕಿ. 'ಅವನು ಹೇಳಿದ', 'ಅವಳು ಹೇಳಿದಳು' ಅನ್ನುವುದನ್ನೆಲ್ಲ ಬಿಟ್ಟು ಮಾತುಗಳನ್ನಷ್ಟೇ ಓದಿ. ಯಾರ ಮಾತು ಯಾವುದು ಅಂತ ತಿಳಿದರೆ ಅನುವಾದ ಗೆದ್ದಿದೆ. ಹಳ್ಳಿಯ ಮುದುಕನೂ ರಾಜಕುಮಾರಿಯೂ ಶಾಲೆ ಹುಡುಗನೂ ಅಮೆರಿಕದ ಟಿವಿ ಸೀರಿಯಲ್ಲಿನವರಂತೆ ಮಾತಾಡುತ್ತಿದ್ದರೆ, ವ್ಯಾಕರಣ ಎಷ್ಟೇ ನೆಟ್ಟಗಿದ್ದರೂ ನನಗೆ ಬೇಡ.

ಅಧಿಕೃತ ಇ-ಬುಕ್

ಹೆಚ್ಚಿನವರಿಗೆ ಇದೇ ಮೊದಲ ಆಯ್ಕೆ ಆಗಬೇಕು. ಇಂಗ್ಲಿಷಿನಲ್ಲಿ ಮುಖ್ಯವಾಗಿ ಮೂರು ಕಡೆಯಿಂದ ಲೈಟ್ ನಾವೆಲ್ ಬರುತ್ತದೆ. 2014ರಲ್ಲಿ ಶುರುವಾದ ಯೆನ್ ಪ್ರೆಸ್‌ನ ಯೆನ್ ಆನ್, 2016ರಲ್ಲಿ ಶುರುವಾಗಿ ಡಿಜಿಟಲ್ಲನ್ನೇ ಮುಂದಿಟ್ಟುಕೊಂಡ ಜೆ-ನಾವೆಲ್ ಕ್ಲಬ್, ಮತ್ತೆ ಸೆವೆನ್ ಸೀಸ್. ಮೊದಲೆರಡರಲ್ಲೂ ಜಪಾನಿನ ಕದೊಕಾವಾ ಸಂಸ್ಥೆಯ ಪಾಲಿದೆ. ಜೆ-ನಾವೆಲ್ ಕ್ಲಬ್ಬನ್ನು ಅದು 2021ರಲ್ಲಿ ಕೊಂಡುಕೊಂಡಿತು.

ಅಧಿಕೃತ ಅಂದ ಮಾತ್ರಕ್ಕೆ ಕಣ್ಣು ಮುಚ್ಚಿ ನಂಬಬೇಕಿಲ್ಲ. 2021ರ ಶುರುವಿನಲ್ಲಿ ಸೆವೆನ್ ಸೀಸ್‌ನ 'ಮುಶೊಕು ತೆನ್ಸೆಯ್' ಮತ್ತು 'ಕ್ಲಾಸ್‌ರೂಮ್ ಆಫ್ ದಿ ಎಲೀಟ್' ಅನುವಾದಗಳಲ್ಲಿ ಮೂಲದ ಸಾಲುಗಳು ಕಾಣೆಯಾಗಿವೆ, ಕೆಲವು ಕಡೆ ಮೆತ್ತಗಾಗಿವೆ ಅಂತ ಓದುಗರು ಪಠ ಪಕ್ಕಪಕ್ಕ ಇಟ್ಟು ತೋರಿಸಿದರು. ಪ್ರಕಾಶಕರು ಒಪ್ಪಿಕೊಂಡು, ತಿದ್ದಿ ಮತ್ತೆ ತಂದರು. ಇದರಿಂದ ನನಗೆ ಕಾಣುವುದು ಎರಡು. ಹೆಸರಿರುವ ಪ್ರಕಾಶಕರಲ್ಲೂ ಕತ್ತರಿ ಆಡುತ್ತದೆ. ಆದರೆ ಅಲ್ಲಿ ಕೇಳುವುದಕ್ಕೊಬ್ಬರಿದ್ದಾರೆ, ತಪ್ಪು ತಿದ್ದುವ ದಾರಿಯೂ ಇದೆ. ಅದರಲ್ಲೂ ಇ-ಬುಕ್ ಬೇಗ ಸರಿಹೋಗುತ್ತದೆ. ಅಚ್ಚಾದ ಪ್ರತಿ ಕೊಂಡವರ ಮನೆಯಲ್ಲಿ ಹಳೇ ಪಠವೇ ಉಳಿಯುತ್ತದೆ.

ಪ್ರಕಾಶಕರಿಗಿಂತ ಅನುವಾದಕರ ಹೆಸರು ನೋಡಿ ಕೊಳ್ಳುವುದು ಒಳ್ಳೆಯದು. ಹೆಸರು ಒಳಪುಟದಲ್ಲಿರುತ್ತದೆ. 'ಸ್ಪೈಸ್ ಅಂಡ್ ವುಲ್ಫ್' ತೆಗೆದುಕೊಳ್ಳಿ. ಅದರ ತೋಳದೇವತೆ ಹೊಲೊ ಮೂಲದಲ್ಲಿ ಹಿಂದಿನ ಕಾಲದ ಜಪಾನಿನ ಗಣಿಕೆಯರ ಮಾತಿನ ವರಸೆಯಲ್ಲಿ ಮಾತಾಡುತ್ತಾಳೆ. ಅನುವಾದಕ ಪಾಲ್ ಸ್ಟಾರ್ ಅವಳ ಬಾಯಲ್ಲಿ ತುಸು ಹಳೇ ಕಾಲದ ಇಂಗ್ಲಿಷ್ ಇಟ್ಟರು. ಆ ಗಣಿಕೆಯರ ಸೊಗಸು ಪೂರ್ತಿ ಬರಲಿಲ್ಲ, ಆದರೆ ವಯಸ್ಸೂ ಜಂಬವೂ ಬಂತು. ಇಂಥ ನಿರ್ಧಾರವನ್ನು ಸಂಪುಟದಿಂದ ಸಂಪುಟಕ್ಕೆ ಹಿಡಿದುಕೊಂಡು ಹೋಗುವವರು ಬೇಕು. ನಡುವೆ ಅನುವಾದಕರು ಬದಲಾದರೆ ಪಾತ್ರದ ದನಿಯೇ ಬದಲಾಗಿಬಿಡಬಹುದು. ಉದ್ದ ಸರಣಿ ಶುರುಮಾಡುವ ಮುಂಚೆ ಮೊದಲ ಸಂಪುಟ ಮತ್ತು ಇತ್ತೀಚಿನ ಸಂಪುಟ ಎರಡರ ಮಾದರಿ ಪುಟಗಳನ್ನೂ ತೆಗೆದು ನೋಡಿ.

ಬೆಲೆ ಸಾಮಾನ್ಯವಾಗಿ ಸಂಪುಟಕ್ಕೆ 7-8 ಡಾಲರ್ ಆಸುಪಾಸು. ರಿಯಾಯಿತಿ ಆಗಾಗ ಬರುತ್ತದೆ, ಕಾದು ಕೊಳ್ಳುವವರಿಗೆ ಲಾಭ. ಎಲ್ಲಿ ಕೊಳ್ಳಬೇಕು ಅನ್ನುವುದೂ ಮುಖ್ಯ. ಕಿಂಡಲ್‌ನಲ್ಲಿ ಕೊಂಡರೆ ಓದೋದು ಸಲೀಸು. ಆದರೆ 2025ರ ಫೆಬ್ರವರಿಯಲ್ಲಿ ಅಮೆಜಾನ್ ತನ್ನ ಸೈಟಿನಿಂದ ಫೈಲನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಯುಎಸ್‌ಬಿ ಮೂಲಕ ಹಾಕಿಕೊಳ್ಳುವ ಸೌಲಭ್ಯ ತೆಗೆದುಹಾಕಿತು. ಜೆ-ನಾವೆಲ್ ಕ್ಲಬ್ ತನ್ನ ಸೈಟಿನಲ್ಲಿ ಬೀಗ ಇಲ್ಲದ, ಅಂದರೆ ಇಳಿಸಿಕೊಂಡು ನಮ್ಮ ಬಳಿ ಇಟ್ಟುಕೊಳ್ಳಬಹುದಾದ, ಇ-ಪಬ್ (ಇ-ಬುಕ್) ಫೈಲುಗಳನ್ನೇ ಮಾರುತ್ತಾ ಬಂದಿದೆ. 'ಕೈಲಿ ಉಳಿಯಬೇಕು' ಅನ್ನುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಇನ್ನೊಂದು ಸಣ್ಣ ವಿಷಯ: ಕಪ್ಪು-ಬಿಳುಪು ಇ-ಇಂಕ್ ರೀಡರ್‌ನಲ್ಲಿ ಬಣ್ಣದ ಪುಟಗಳು ಬೂದಿ ಬೂದಿ. ಅವನ್ನು ಫೋನ್‌ನಲ್ಲೇ ನೋಡಿ.

ತಿಂಗಳ ಚಂದಾ

ಜೆ-ನಾವೆಲ್ ಕ್ಲಬ್‌ನದು ಧಾರಾವಾಹಿ ಓದುವವರಿಗೆ ಹೇಳಿ ಮಾಡಿಸಿದ ಪದ್ಧತಿ. ಒಂದು ಸಂಪುಟವನ್ನು ತುಂಡು ಮಾಡಿ, ಅನುವಾದ ಆಗುತ್ತಿದ್ದ ಹಾಗೇ ಕಂತುಗಳಲ್ಲಿ ಹಾಕುತ್ತಾರೆ. ವಾರಪತ್ರಿಕೆಯ ಧಾರಾವಾಹಿಗೆ ಕಾದು ಕೂತು ಬೆಳೆದ ಮನೆಯವರಿಗೆ ಇದು ಹೊಸದೇನಲ್ಲ. ಪುಸ್ತಕ ಹೊರಬಂದ ಮೇಲೆ ಆ ಕಂತುಗಳು ಮರೆಯಾಗುತ್ತವೆ. ಅಂದರೆ ಚಂದಾ ಕೊಡುವುದು ಓದುವುದಕ್ಕೆ, ಇಟ್ಟುಕೊಳ್ಳುವುದಕ್ಕಲ್ಲ. ಒಂದೇ ಸಮಯಕ್ಕೆ ನಾಲ್ಕೈದು ಸರಣಿ ಓದುವವರಿಗೆ ಲಾಭ. ಒಂದೇ ಸರಣಿ ಓದುವವರು ಇ-ಬುಕ್ಕನ್ನೇ ಕೊಳ್ಳಲಿ. ಕಂತಿನಲ್ಲಿ ಅಚ್ಚಿನ ತಪ್ಪು ಇರಬಹುದು, ಪುಸ್ತಕದ ಹೊತ್ತಿಗೆ ತಿದ್ದುತ್ತಾರೆ.

ಅಚ್ಚಾದ ಪುಸ್ತಕ

ಚೆಂದ ಇದರದ್ದೇ, ಖರ್ಚೂ ಇದರದ್ದೇ. ಇಂಗ್ಲಿಷ್ ಪ್ರತಿ ಜಪಾನೀ ಬುಂಕೊಗಿಂತ ದೊಡ್ಡದು, ಮುಖಬೆಲೆ ಸುಮಾರು 15 ಡಾಲರ್. ಇಲ್ಲಿ ಸಂಪುಟಕ್ಕೆ ₹1,000ದ ಆಚೀಚೆ ಅಂತ ಇಟ್ಟುಕೊಳ್ಳಿ. 'ಅಸೆಂಡನ್ಸ್ ಆಫ್ ಎ ಬುಕ್‌ವರ್ಮ್' ಮುಖ್ಯ ಕತೆಯೇ 33 ಸಂಪುಟ. ಲೆಕ್ಕ ನೀವೇ ಹಾಕಿ, ಕಪಾಟಿನ ಜಾಗವನ್ನೂ ಸೇರಿಸಿ. ಬೆಂಗಳೂರಿನ ಚರ್ಚ್ ಸ್ಟ್ರೀಟ್ ಅಂಗಡಿಗಳಲ್ಲಿ ಮಂಗಾ (ಜಪಾನೀ ಕಾಮಿಕ್ಸ್) ಸಿಕ್ಕಷ್ಟು ಸುಲಭವಾಗಿ ಲೈಟ್ ನಾವೆಲ್ ಸಿಗುವುದಿಲ್ಲ. ಸಿಕ್ಕರೂ ಮೊದಲ ಸಂಪುಟ ಇದ್ದರೆ ಮೂರನೆಯದು ಇರುವುದಿಲ್ಲ. ಆನ್‌ಲೈನ್‌ನಲ್ಲೂ ಹಳೇ ಸಂಪುಟ ಮುಗಿದರೆ ಮರುಮುದ್ರಣಕ್ಕೆ ಕಾಯಬೇಕು.

ಹಾಗಾಗಿ ಅಚ್ಚಿನ ಪುಸ್ತಕ ಚಿಕ್ಕ ಸರಣಿಗೆ, ಇಲ್ಲಾ ಮತ್ತೆ ಮತ್ತೆ ಓದುತ್ತೇನೆ ಅಂತ ಈಗಾಗಲೇ ಗೊತ್ತಿರುವ ಸರಣಿಗೆ. ಓದದೇ ಇರುವ ಉದ್ದ ಸರಣಿಯ ಪೆಟ್ಟಿಗೆ ಸೆಟ್ ಕೊಳ್ಳುವುದು ನನಗೆ ಜೂಜಾಟದ ಹಾಗೆ ಕಾಣುತ್ತದೆ.

ಅಭಿಮಾನಿಗಳ ಅನುವಾದ

ಇವರಿಲ್ಲದಿದ್ದರೆ ಇಂಗ್ಲಿಷಿನಲ್ಲಿ ಲೈಟ್ ನಾವೆಲ್ ಓದುವವರೇ ಇರುತ್ತಿರಲಿಲ್ಲವೇನೋ. ಬಾಕಾ-ತ್ಸುಕಿಯಂಥ ವಿಕಿಯಲ್ಲಿ ವಿದ್ಯಾರ್ಥಿಗಳು, ಕೆಲಸ ಮುಗಿಸಿ ಬಂದವರು ರಾತ್ರಿ ಕೂತು ಅಧ್ಯಾಯ ಅಧ್ಯಾಯ ಅನುವಾದ ಮಾಡಿದರು. ಸರಣಿಯ ಹಕ್ಕು ಇಂಗ್ಲಿಷ್ ಪ್ರಕಾಶಕರಿಗೆ ಹೋದಾಗ ಪಠ ತೆಗೆದುಹಾಕಿದರು. ಆದರೂ ಅನುಮತಿ ಇಲ್ಲದ ಅನುವಾದ ಕಾನೂನಿನ ಪ್ರಕಾರ ಹಕ್ಕುಸ್ವಾಮ್ಯ ಉಲ್ಲಂಘನೆಯೇ, ಅದನ್ನು ಮುಚ್ಚಿಡುವುದು ಬೇಡ.

ಗುಣಮಟ್ಟದ ವಿಷಯಕ್ಕೆ ಬಂದರೆ ಒಂದೇ ಮಾತು ಹೇಳುವುದು ಕಷ್ಟ. ಕೆಲವರು ಅಡಿಟಿಪ್ಪಣಿ ಹಾಕಿ, ಶ್ಲೇಷೆ ಬಿಡಿಸಿ, -ಸಾನ್, -ಚಾನ್, ಸೆನ್‌ಪೈ ಅಂತ ಒಬ್ಬರನ್ನೊಬ್ಬರು ಕರೆಯುವ ಪದಗಳನ್ನೆಲ್ಲ ಉಳಿಸಿಕೊಂಡು ಕೊಡುತ್ತಾರೆ. ಅಣ್ಣ, ಅಕ್ಕ, ಅವರೇ, ರೀ ಅಂತ ಕರೆದುಕೊಂಡು ಬೆಳೆದ ನಮಗೆ ಇದು ಆರಾಮ. ಅಲ್ಲಿಯವರೆಗೆ '-ಸಾನ್' ಅನ್ನುತ್ತಿದ್ದ ಹುಡುಗಿ ಒಂದು ದಿನ ಬರೀ ಹೆಸರು ಹಿಡಿದು ಕರೆದರೆ ಅದು ಎಷ್ಟು ದೊಡ್ಡ ವಿಷಯ ಅಂತ ಕನ್ನಡದವರಿಗೆ ವಿವರಿಸಬೇಕಾಗಿಲ್ಲ. ಅಧಿಕೃತ ಅನುವಾದಗಳಲ್ಲಿ ಕೆಲವು ಇದನ್ನು ಉಳಿಸುತ್ತವೆ, ಕೆಲವು ಬಿಡುತ್ತವೆ. ಅಭಿಮಾನಿಗಳ ಅನುವಾದ 'ಮೂಲಕ್ಕೆ ಹತ್ತಿರ' ಅನ್ನಿಸುವುದಕ್ಕೆ ಇದೇ ಅರ್ಧ ಕಾರಣ. ಆದರೆ ಕರೆಯುವ ಪದ ಉಳಿದ ಮಾತ್ರಕ್ಕೆ ಸಾಲು ಚೆನ್ನಾಗಿ ಬಂತು ಅಂತಲ್ಲ. ಬರೀ ಪದಕ್ಕೆ ಪದ ಇಟ್ಟು, ನಗೆ ಬರಬೇಕಾದ ಕಡೆ ಅಡಿಟಿಪ್ಪಣಿ ಬಂದರೆ ಅದನ್ನು ನಿಷ್ಠೆ ಅಂತ ಕರೆಯಲು ನನಗೆ ಮನಸ್ಸಿಲ್ಲ.

ದೊಡ್ಡ ತೊಂದರೆ ಬೇರೆಯೇ ಇದೆ. ಅನುವಾದಕರಿಗೆ ಪರೀಕ್ಷೆ ಬಂತು, ಕೆಲಸ ಸಿಕ್ಕಿತು, ಕತೆ ಐದನೇ ಸಂಪುಟದ ನಡುವೆ ನಿಂತಿತು. ಮುಂದಿನದನ್ನು ಬೇರೊಬ್ಬರು ಎತ್ತಿಕೊಂಡರೆ ಹೆಸರುಗಳ ಕಾಗುಣಿತವೇ ಬದಲು. ಜೊತೆಗೆ, ಅಭಿಮಾನಿಗಳು ಎಷ್ಟೋ ಸಲ ಅನುವಾದ ಮಾಡುವುದು ಬಿಟ್ಟಿ ಸಿಗುವ ವೆಬ್ ಪಠವನ್ನು. ಪುಸ್ತಕವಾಗುವಾಗ ಲೇಖಕರು ತಿದ್ದುತ್ತಾರೆ. 'ಓವರ್‌ಲಾರ್ಡ್'ನಲ್ಲಿ ವೆಬ್ ಕತೆಗೂ ಪುಸ್ತಕಕ್ಕೂ ಪಾತ್ರಗಳಲ್ಲೇ ವ್ಯತ್ಯಾಸ ಇದೆ. ಸ್ಲೈಮ್ (ಲೋಳೆಯಂಥ ಜೀವಿ) ಆಗಿ ಹುಟ್ಟುವವನ ಪ್ರಸಿದ್ಧ ಕತೆಯೂ ಮುಂದೆ ಹೋದಂತೆ ಬೇರೆ ದಾರಿ ಹಿಡಿಯುತ್ತದೆ. ಹಾಗಾಗಿ ಅನಿಮೆ ನೋಡಿ ಬಂದು ವೆಬ್ ಕತೆ ಹಿಡಿದರೆ 'ಇದೇನಿದು, ಇವಳೆಲ್ಲಿ ಹೋದಳು?' ಅನ್ನಿಸಿದರೆ ಆಶ್ಚರ್ಯ ಇಲ್ಲ.

ನನ್ನ ಮಟ್ಟಿಗೆ ಗೆರೆ ಹೀಗಿದೆ: ಇಂಗ್ಲಿಷಿಗೆ ಹಕ್ಕು ಮಾರಾಟವಾಗಿರುವ ಸರಣಿಯನ್ನು ಕೊಂಡೇ ಓದುತ್ತೇನೆ. ಬೇರೆ ದಾರಿಯೇ ಇಲ್ಲದ, ಯಾರೂ ತರುವ ಸೂಚನೆಯೂ ಇಲ್ಲದ ಕತೆಗೆ ಅಭಿಮಾನಿಗಳ ಅನುವಾದ ನೋಡುವವರನ್ನು ಬೈಯುವುದಿಲ್ಲ. ನಿಮ್ಮ ಗೆರೆ ನೀವು ಹಾಕಿಕೊಳ್ಳಿ.

ಮೆಷಿನ್ ಅನುವಾದ

ಇದಕ್ಕೆ ಖರ್ಚಿಲ್ಲ, ಕಾಯಬೇಕಿಲ್ಲ, ಇಡೀ ಸರಣಿ ಒಂದೇ ದಿನದಲ್ಲಿ ಎದುರಿಗಿರುತ್ತದೆ. ಈಚೆಗೆ ವಾಕ್ಯಗಳೂ ನಯವಾಗಿ ಬರುತ್ತವೆ. ಅಪಾಯ ಇರುವುದೂ ಅಲ್ಲೇ. ಹಿಂದೆ ಮೆಷಿನ್ ತಪ್ಪು ಮಾಡಿದರೆ ವಾಕ್ಯ ನೋಡಿದ ಕೂಡಲೇ ತಿಳಿಯುತ್ತಿತ್ತು. ಈಗ ತಪ್ಪೂ ನಯವಾಗಿರುತ್ತದೆ.

ಹತ್ತಿರದಿಂದ ಒಂದು ಸಾಲು ನೋಡಿ. ಪುಟ್ಟ ತಂಗಿ ಅಮ್ಮನಿಗೆ ಹೇಳುತ್ತಾಳೆ: 'ಒನೀಚಾನ್, ಮೋ ಇಚ್ಚಾತ್ತ.' ನಾವಾಗಿದ್ದರೆ 'ಅಣ್ಣ ಆಗಲೇ ಹೊರಟುಬಿಟ್ಟ' ಅನ್ನುತ್ತೇವೆ. ಜಪಾನೀ ಕ್ರಿಯಾಪದದಲ್ಲಿ ಹೋದವನು ಯಾರು ಅನ್ನುವ ಗುರುತಿಲ್ಲ. ಹೋದೆ, ಹೋದ, ಹೋದಳು, ಹೋದರು ಎಲ್ಲಕ್ಕೂ ಒಂದೇ ರೂಪ. 'ಒನೀಚಾನ್' ಅನ್ನುವುದು ಅಣ್ಣನ ಬಗ್ಗೆ ಹೇಳಿದ್ದಾ, ಅಣ್ಣನನ್ನು ಕರೆದಿದ್ದಾ ಅನ್ನುವುದು ಸಂದರ್ಭದಿಂದ ತಿಳಿಯಬೇಕು. ಹಿಂದಿನ ಪುಟ ಗೊತ್ತಿಲ್ಲದ ಮೆಷಿನ್ ಅದನ್ನು 'ಅಣ್ಣಾ, ನಾನು ಆಗಲೇ ಹೋಗಿದ್ದೇನೆ' ಅಂತಲೂ ಮಾಡಬಹುದು. ವಾಕ್ಯ ತಪ್ಪಿಲ್ಲ, ಆದರೆ ಮನೆಬಿಟ್ಟು ಹೋದವರೇ ಅದಲುಬದಲು. ಪತ್ತೇದಾರಿ ಕತೆಯಲ್ಲಿ ಹೀಗಾದರೆ ಕೊಲೆಗಾರನೇ ಬದಲಾಗುತ್ತಾನೆ!

ಹೆಸರುಗಳದ್ದು ಇನ್ನೊಂದು ಕತೆ. ಒಂದೇ ಕಾಂಜಿಯನ್ನು, ಅಂದರೆ ಚೀನೀ ಮೂಲದ ಅಕ್ಷರವನ್ನು, ಹಲವು ಥರ ಓದಬಹುದು. ಹಾಗಾಗಿ ಒಂದು ಅಧ್ಯಾಯದ ಮಿತ್ಸುಕಿ ಮುಂದಿನದರಲ್ಲಿ ಮಿಜುಕಿ ಆಗಿ ಬರಬಹುದು. ನೇರ ಕನ್ನಡಕ್ಕೆ ಹಾಕಿ ನೋಡಿದರೆ ಒಬ್ಬಳೇ ಹುಡುಗಿ ಒಂದು ಸಾಲಿನಲ್ಲಿ ಗೆಳೆಯನಿಗೆ 'ನೀನು' ಅಂದು, ಮುಂದಿನ ಸಾಲಿನಲ್ಲಿ 'ತಾವು' ಅನ್ನುತ್ತಾಳೆ. ಜಗಳ ಆಯ್ತೋ ಮದುವೆ ಆಯ್ತೋ ಗೊತ್ತಾಗುವುದಿಲ್ಲ.

ಹಾಗಾದರೆ ಬೇಡವೇ ಬೇಡವಾ? ಒಂದು ಉಪಯೋಗ ಇದೆ. ಈ ಸರಣಿಗೆ ದುಡ್ಡು ಹಾಕಬಹುದಾ ಅಂತ ಮೊದಲ ಒಂದೆರಡು ವೆಬ್ ಅಧ್ಯಾಯ ಇಣುಕಿ ನೋಡುವುದಕ್ಕೆ ಸಾಕು. ಇಷ್ಟದ ಸರಣಿಯ ಕೊನೆಯನ್ನು ಮಾತ್ರ ಹೀಗೆ ಓದಬೇಡಿ. ತಿರುವು ಗೊತ್ತಾಗಿಬಿಟ್ಟಿರುತ್ತದೆ, ಆ ಸಾಲಿನ ಸುಖ ಸಿಕ್ಕಿರುವುದಿಲ್ಲ. ಆಮೇಲೆ ಒಳ್ಳೆಯ ಅನುವಾದ ಬಂದರೂ ಮೊದಲ ಓದು ಮತ್ತೆ ಸಿಗುವುದಿಲ್ಲ.

ಜಪಾನಿಯಲ್ಲೇ ಓದುವುದು

ಹೆದರಬೇಡಿ, ಕನ್ನಡದವರಿಗೆ ಇದು ಅಷ್ಟು ದೂರದ ಮಾತಲ್ಲ. ವಾಕ್ಯದ ಹಂದರ ನಮ್ಮದೇ: ಕರ್ತೃ, ಕರ್ಮ, ಕೊನೆಗೆ ಕ್ರಿಯಾಪದ. ನಾವು 'ಬರ್ತೀನಿ ಅಂತ ಹೇಳಿದ' ಅನ್ನುವಲ್ಲಿ 'ಅಂತ' ಇರುವ ಜಾಗದಲ್ಲೇ ಜಪಾನಿಯಲ್ಲಿ 'ತೊ' ಬರುತ್ತದೆ. ಮೇಲಿನ 'ಇಚ್ಚಾತ್ತ'ದಲ್ಲಿರುವ 'ಚಾತ್ತ' ಹೆಚ್ಚುಕಡಿಮೆ ನಮ್ಮ 'ಬಿಟ್ಟ'. 'ಹೋದ' ಮತ್ತು 'ಹೋಗಿಬಿಟ್ಟ' ನಡುವಿನ ವ್ಯತ್ಯಾಸ ಕನ್ನಡದ ಮಗುವಿಗೂ ಗೊತ್ತು. ಇಂಗ್ಲಿಷ್ ಅನುವಾದಕರು ಅದನ್ನು ತರಲು ಹೆಣಗಬೇಕು. ಇಂಗ್ಲಿಷಿನಲ್ಲಿ ಸಪ್ಪೆ ಅನ್ನಿಸಿದ ಎಷ್ಟೋ ಮಾತು ಮೂಲದಲ್ಲಿ ನಮಗೆ ನೇರ ತಟ್ಟುವುದು ಇದಕ್ಕೇ.

ಕಷ್ಟ ಇರುವುದು ಕಾಂಜಿಯಲ್ಲಿ. ದಿನಬಳಕೆಗೆ ಅಂತ ಗುರುತಿಸಿದ ಜೋಯೋ ಕಾಂಜಿಗಳೇ 2,136. ಜೆಎಲ್‌ಪಿಟಿ ಎಂಬ ಜಪಾನೀ ಭಾಷಾ ಪರೀಕ್ಷೆಯ ಲೆಕ್ಕದಲ್ಲಿ (ಎನ್5 ಎಲ್ಲಕ್ಕಿಂತ ಕೆಳಗಿನದು, ಎನ್1 ಎಲ್ಲಕ್ಕಿಂತ ಮೇಲಿನದು) ಎನ್3 ಮಟ್ಟಕ್ಕೆ ಬಂದರೆ ಶಾಲಾ ಜೀವನದ ಹಗುರ ಕತೆಗಳನ್ನು ನಿಘಂಟು ಪಕ್ಕಕ್ಕಿಟ್ಟುಕೊಂಡು ಶುರುಮಾಡಬಹುದು. ಎನ್2 ಹೊತ್ತಿಗೆ ಓದು ಸಲೀಸಾಗುತ್ತದೆ. ಪರೀಕ್ಷೆ ಬೆಂಗಳೂರಿನಲ್ಲೂ ನಡೆಯುತ್ತದೆ, ಜುಲೈ ಮತ್ತು ಡಿಸೆಂಬರ್‌ನಲ್ಲಿ. ಇಲ್ಲಿಯವರೆಗೆ ಬರುವುದಕ್ಕೆ ವರ್ಷಗಳು ಹಿಡಿಯುತ್ತವೆ. ಆದರೆ ಬಂದ ಮೇಲೆ ಖರ್ಚು ತೀರಾ ಕಡಿಮೆ: ಮೊದಲು ಹೇಳಿದ ನಾರೋ ಸೈಟು ಬಿಟ್ಟಿ, ಕಾನೂನಿನ ತಕರಾರೂ ಇಲ್ಲ. ಕೊಂಡರೂ ಜಪಾನೀ ಬುಂಕೊ ಇಂಗ್ಲಿಷ್ ಪ್ರತಿಗಿಂತ ಅಗ್ಗ. ಮಾಂತ್ರಿಕ ಲೋಕದ ಕತೆಯಿಂದ ಶುರುಮಾಡಬೇಡಿ, ಅಲ್ಲಿ ಲೇಖಕರು ಹೊಸ ಪದಗಳನ್ನು ಕಟ್ಟಿರುತ್ತಾರೆ. ಇಂಗ್ಲಿಷಿನಲ್ಲಿ ಈಗಾಗಲೇ ಓದಿ ಮೆಚ್ಚಿದ, ಇವತ್ತಿನ ಊರು-ಶಾಲೆಯಲ್ಲಿ ನಡೆಯುವ ಕತೆ ತೆಗೆದುಕೊಳ್ಳಿ. ಕತೆ ಗೊತ್ತಿರುವುದರಿಂದ ಅರ್ಧ ನಿಘಂಟಿನ ಕೆಲಸ ತಪ್ಪುತ್ತದೆ.

ಕೈಯಲ್ಲಿರುವ ದುಡ್ಡು, ಸಮಯಕ್ಕೆ ತಕ್ಕ ಹಾಗೆ

ಕಾಲೇಜು ವಿದ್ಯಾರ್ಥಿ, ತಿಂಗಳಿಗೆ ₹700 ಆಸುಪಾಸು ಅಂದರೆ: ಮುಗಿದಿರುವ ಒಂದೇ ಸರಣಿ ಆರಿಸಿಕೊಂಡು ತಿಂಗಳಿಗೊಂದು ಇ-ಬುಕ್. 'ಮುಶೊಕು ತೆನ್ಸೆಯ್' 26 ಸಂಪುಟಗಳಲ್ಲಿ ಮುಗಿದಿದೆ, ಇಂಗ್ಲಿಷಿನಲ್ಲೂ ಪೂರ್ತಿ ಇದೆ. ಆದರೆ ಅದರ ನಾಯಕನ ನಡತೆ ಎಲ್ಲರಿಗೂ ಒಗ್ಗುವುದಿಲ್ಲ. ಮಾದರಿ ಪುಟ ಓದದೆ ಕೊಳ್ಳಬೇಡಿ. 'ಬುಕ್‌ವರ್ಮ್' ಕೂಡ ಇಂಗ್ಲಿಷಿನಲ್ಲಿ ಕೊನೆಯವರೆಗೆ ಬಂದಿದೆ. ಕ್ವೋಫ್ ಎಂಬ ಹೆಸರಿನ ಅನುವಾದಕರು ಬಡವರ ಕೇರಿಯ ಮಾತಿಗೂ ಶ್ರೀಮಂತ ಮನೆತನಗಳ ಸುತ್ತುಬಳಸಿನ ಮಾತಿಗೂ ವ್ಯತ್ಯಾಸ ಉಳಿಸಿದ್ದಾರೆ. ಪುಸ್ತಕವೇ ದುಬಾರಿಯಾದ ಲೋಕದಲ್ಲಿ ಹುಟ್ಟಿ, ಕಾಗದ ಮಾಡುವುದರಿಂದ ಶುರುಮಾಡುವ ಪುಸ್ತಕದ ಹುಚ್ಚಿಯ ಕತೆ ಅದು. ಒಂದನ್ನೇ ಆರಿಸಿ ಅಂದರೆ ನನ್ನ ಓಟು ಅದಕ್ಕೇ.

ಕೆಲಸಕ್ಕೆ ಹೋಗುವವರು, ದುಡ್ಡಿದೆ, ಸಮಯವಿಲ್ಲ ಅಂದರೆ: ಇ-ಬುಕ್ಕನ್ನು ಫೋನ್‌ನಲ್ಲೇ ಓದಿ, ಮೆಟ್ರೋದಲ್ಲಿ ಒಂದು ಅಧ್ಯಾಯ ಆಗುತ್ತದೆ. ತುಂಬಾ ಹಿಡಿಸಿದ ಸರಣಿಯನ್ನು ಆಮೇಲೆ ಅಚ್ಚಿನಲ್ಲಿ ಕೊಳ್ಳಿ. ಇಂಗ್ಲಿಷ್ ಅಷ್ಟು ಓಡದವರಿಗೂ ಲೈಟ್ ನಾವೆಲ್ ಒಳ್ಳೆಯದು, ವಾಕ್ಯ ಚಿಕ್ಕದಿರುತ್ತದೆ. ಅಂಥವರು ಮೆಷಿನ್ ಕನ್ನಡದ ಕಡೆ ಹೋಗುವುದಕ್ಕಿಂತ ಶಾಲೆಯ ಕತೆಯೊಂದನ್ನು ಇಂಗ್ಲಿಷಿನಲ್ಲೇ ನಿಧಾನವಾಗಿ ಓದಲಿ.

ಅನಿಮೆ ನಿಂತ ಕಡೆಯಿಂದ ಶುರುಮಾಡಬಹುದಾ ಅಂತ ಕೇಳುವವರಿಗೆ: ಮಾಡಬಹುದು, ಆದರೆ ಮೊದಲ ಸಂಪುಟದಿಂದಲೇ ಹಿಡಿಯುವುದು ಮೇಲು. ಹನ್ನೆರಡು ಹದಿಮೂರು ಕಂತಿಗೆ ಮೂರು ನಾಲ್ಕು ಪುಸ್ತಕ ಹಿಡಿಸುವಾಗ ನಾಯಕನ ಒಳಮಾತೇ ಮೊದಲು ಬಿದ್ದುಹೋಗುತ್ತದೆ. ಅಷ್ಟು ಖರ್ಚು ಬೇಡ ಅಂದರೆ ಮೊದಲನೆಯದೊಂದನ್ನು ಓದಿ, ಪಾತ್ರಗಳ ಮಾತು ಕಿವಿಗೆ ಕೂತ ಮೇಲೆ ಅನಿಮೆ ಮುಟ್ಟಿದ ಕೊನೇ ಸಂಪುಟಕ್ಕೆ ಹಾರಿ. ಅದಕ್ಕೂ ಮುಂದಿನದಕ್ಕೆ ನೇರ ಹೋಗಬೇಡಿ. ಅನಿಮೆ ಮುಟ್ಟಿದ ಆ ಕೊನೇ ಸಂಪುಟದಲ್ಲೂ ಎಷ್ಟೋ ಭಾಗ ಅನಿಮೆಯಲ್ಲಿ ಬಂದಿರದೇ ಇರಬಹುದು.